ತಪ್ಪಿಲ್ಲದೆ ಬರೆದಿದ್ದಾಳೆ

ಅವರ ತಲೆಗೂದಲು ನಮ್ಮೂರ ಗಂಡುಹುಡುಗರ ಕ್ರಾಪಿನಷ್ಟೇ ಉದ್ದವಿತ್ತು. ಬೋರ್ಡಿನ ಮೇಲುಸಾಲಿಗೆ ಕೈ ಎತ್ತಿದಾಗ ಸೆರಗು ಜಾರಿ, ಕತ್ತಿನ ಹಿಂದೆ ಮೊಂಡಾಗಿ, ಒತ್ತಾಗಿ, ಅಲ್ಲಲ್ಲಿ ನರೆತ ಕೂದಲು ಕಾಣಿಸುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರಾದರೂ ಕಿಸಕ್ಕೆಂದರೆ ಅವರು ತಿರುಗುತ್ತಿರಲಿಲ್ಲ. ಎಡಗೈಯಲ್ಲಿ ಸೆರಗನ್ನು ಮೇಲಕ್ಕೆಳೆದುಕೊಂಡು, ಬಲಗೈಯಲ್ಲಿ ಬರೆಯುತ್ತಲೇ, ‘ಈಗ ನಕ್ಕವಳು ಎದ್ದು ನಿಂತು ಓದು’ ಅನ್ನುತ್ತಿದ್ದರು. ನಕ್ಕವಳು ಎದ್ದು ನಿಲ್ಲುತ್ತಿದ್ದಳು. ಅವರೆದುರು ಸುಮ್ಮನೆ ಕೂತು ತಪ್ಪಿಸಿಕೊಳ್ಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಯುದ್ಧದ ಕಾಲದ ಮಳವಳ್ಳಿಯ ಮಾತು ಇದು. ಹೆಣ್ಣುಮಕ್ಕಳ ಮಿಡ್ಲ್‌ಸ್ಕೂಲು ಒಂದು ಬಾಡಿಗೆ ಮನೆಯಲ್ಲಿ ನಡೆಯುತ್ತಿತ್ತು. ಬೆಳಿಗ್ಗೆ ಶಾಲೆಯ ಆಯಾ ಮನೆಮನೆಗೂ ಬಂದು, ಬಾಗಿಲಲ್ಲಿ ನಿಂತು ಕೂಗಿ, ಹುಡುಗಿಯರನ್ನು ಹಿಂಡುಗಟ್ಟಿ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿ ನಮಗೆ ಕನ್ನಡ ಹೇಳಿಕೊಡುತ್ತಿದ್ದವರು ಇವರು. ನಾವು ಮೇಷ್ಟ್ರಮ್ಮ ಅನ್ನುತ್ತಿದ್ದೆವು. ಬ್ರಾಹ್ಮಣರ ಮನೆಯ ವಿಧವೆ. ಅಗ್ರಹಾರದ ಉಳಿದ ವಿಧವೆಯರು ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟು ಮನೆಯೊಳಗೇ ಇರುತ್ತಿದ್ದರು. ಇವರು ಮೈಸೂರಿಗೆ ಟ್ರೈನಿಂಗಿಗೆ ಹೋದವರು ಕ್ಷೌರದವನನ್ನು ಕರೆಸುವುದನ್ನು ನಿಲ್ಲಿಸಿ, ಅಂಚಿಲ್ಲದ ಬಿಳಿ ಸೀರೆ ಉಟ್ಟು, ಕೈಯಲ್ಲೊಂದು ಟ್ರಂಕು ಹಿಡಿದು ನಮ್ಮೂರಿಗೆ ಬಂದಿದ್ದರು. ಅಗ್ರಹಾರದಲ್ಲಿ ಯಾರೂ ಮನೆ ಕೊಡಲಿಲ್ಲ. ಒಕ್ಕಲಗೇರಿಯಲ್ಲಿ ಇವರು ಕೇಳಲಿಲ್ಲ. ಶಾಲೆಯ ಹಿಂದೆ ಸೌದೆ ತುಂಬುತ್ತಿದ್ದ ಒಂದು ಕೋಣೆಯನ್ನು ಗುಡಿಸಿ ಸಾರಿಸಿಕೊಂಡು ಅಲ್ಲೇ ಒಬ್ಬರೇ ಇದ್ದರು.

ಅವರನ್ನು ಯಾರೂ ಪ್ರೀತಿಸುತ್ತಿರಲಿಲ್ಲ. ಸತ್ತವರೆಂದು ಈಗ ನಾನು ಅದಕ್ಕೆ ಬೆಲ್ಲ ಸವರಲಾರೆ. ಅವರ ಬಾಯಲ್ಲಿ ಶಭಾಷ್ ಎಂಬ ಮಾತೇ ಬರುತ್ತಿರಲಿಲ್ಲ. ಅಕ್ಷರ ಓರೆಯಾದರೆ ಸ್ಲೇಟನ್ನು ಸೆರಗಿನಿಂದಲ್ಲ, ನಮ್ಮದೇ ಅಂಗೈಯಿಂದ ಒರೆಸಿಸುತ್ತಿದ್ದರು. ನಮ್ಮ ಮಾತಂತೂ ಅವರಿಗೆ ಆಗುತ್ತಲೇ ಇರಲಿಲ್ಲ. ‘ಅಳ್ಳಿ’ ಅಂದವಳ ಹತ್ತಿರ ಬಂದು, ಅವಳ ಕೈಯನ್ನು ಅವಳ ಬಾಯಿಯ ಮುಂದೆ ಹಿಡಿಸಿ, ‘ಹ ಅನ್ನು. ಅಂಗೈಗೆ ಬಿಸಿ ತಾಗಬೇಕು. ತಾಗದಿದ್ದರೆ ನೀನು ಹ ಅಂದಿಲ್ಲ’ ಅನ್ನುತ್ತಿದ್ದರು. ಇಡೀ ತರಗತಿ ಬಾಯಿ ಮುಂದೆ ಕೈಯಿಟ್ಟುಕೊಂಡು ಹಾ ಹಾ ಎಂದು ಉಸಿರು ಬಿಡುತ್ತಾ ಕೂತಿರುವುದನ್ನು ಕಿಟಕಿಯಿಂದ ಕಂಡವರು, ಹುಡುಗಿಯರಿಗೆ ಮೆಣಸಿನಕಾಯಿ ತಿನ್ನಿಸಿದ್ದಾರೆ ಅಂದುಕೊಂಡರಂತೆ. ನಾನು ಮನೆಗೆ ಬಂದು, ‘ಅವ್ವ, ಹಕ್ಕಿ ತೊಳೀಲಾ?’ ಅಂದೆ. ಇರಬೇಕಾದ ಕಡೆ ಬಿಡುತ್ತಿದ್ದ ಹಕಾರವನ್ನು ಈಗ ಇರಬಾರದ ಕಡೆಗೂ ಹಚ್ಚುತ್ತಿದ್ದೆ. ಅವ್ವ ಮೊರ ಹಿಡಿದವಳು ಸೂರಿನ ಕಡೆ ನೋಡಿ, ‘ಯಾವ್ ಅಕ್ಕಿನೇ? ಆರೋ ಅಕ್ಕಿಯಾ, ಬೇಯ್ಸೋ ಅಕ್ಕಿಯಾ?’ ಅಂದಳು. ಅವಳ ಬಾಯಲ್ಲಿ ಎರಡೂ ಒಂದೇ. ಎಂದೂ ಅವಳಿಗೆ ಗೊಂದಲವಾಗಿರಲಿಲ್ಲ.

ಆದರೆ ಓದಿಸುವುದರಲ್ಲಿ ಅವರಂಥವರನ್ನು ನಾನು ಮತ್ತೆ ನೋಡಲಿಲ್ಲ. ಪಾಠ ಓದುವವಳು ತಪ್ಪು ಜಾಗದಲ್ಲಿ ಉಸಿರು ಬಿಟ್ಟರೆ ಅಲ್ಲಿಗೇ ತಡೆಯುತ್ತಿದ್ದರು. ‘ಎಲ್ಲಿ ನಿಂತೆ ನೀನು? ಮಾತು ಅಲ್ಲಿ ನಿಂತಿದೆಯಾ? ನಿನಗೆ ಸುಸ್ತಾಯ್ತು ಅಂತ ಮಾತು ನಿಲ್ಲಲ್ಲ.’ ಹೀಗೆ ಒಂದೇ ಪಾಠವನ್ನು ವಾರಗಟ್ಟಲೆ ಓದಿಸಿದ ಮೇಲೆ, ಕೊನೆಗೊಂದು ದಿನ ನಮಗೇ ಗೊತ್ತಿಲ್ಲದ ಹಾಗೆ, ಓದುತ್ತಿದ್ದದ್ದು ಯಾರೋ ಎದುರಿಗೆ ಕೂತು ಮಾತಾಡಿದ ಹಾಗೆ ಕೇಳಿಸಿಬಿಡುತ್ತಿತ್ತು.

ಪ್ರಬಂಧ ಬರೆಸುವಾಗ ಇನ್ನೂ ಕಠಿಣ. ಹಸುವಿನ ಮೇಲೆ ಬರೆಯಿರಿ ಅಂದರೆ ಎಲ್ಲರೂ ‘ಹಸು ಸಾಧು ಪ್ರಾಣಿ’ ಎಂದು ಶುರು ಮಾಡುತ್ತಿದ್ದೆವು. ‘ಯಾರ ಮನೆ ಹಸು?’ ಎಂದು ಕೇಳಿ ಅದನ್ನು ಹೊಡೆದುಹಾಕುತ್ತಿದ್ದರು. ನನ್ನ ಅಕ್ಕ ನನಗಿಂತ ಎರಡು ತರಗತಿ ಮುಂದಿದ್ದಳು. ಒಂದು ದಿನ ಅಕ್ಕ ಬರೆದದ್ದನ್ನು ಮೇಷ್ಟ್ರಮ್ಮ ನಮ್ಮ ತರಗತಿಗೆ ತಂದು ಓದಿದರು. ‘ನಮ್ಮ ಹಸು ಸಾಧುವಲ್ಲ. ಅಪ್ಪನನ್ನು ಒದೆಯುತ್ತದೆ. ನನ್ನನ್ನೂ ಒದೆಯುತ್ತದೆ. ಅವ್ವ ಕೂತರೆ ಮಾತ್ರ ನಿಂತುಕೊಳ್ಳುತ್ತದೆ. ಅವ್ವ ಹಾಲು ಕರೆಯುವಾಗ ತನ್ನ ಕಷ್ಟವನ್ನೆಲ್ಲ ಅದಕ್ಕೆ ಹೇಳುತ್ತಾಳೆ.’ ಓದಿ ಮುಗಿಸಿ, ಹಾಳೆ ಮಡಿಸಿ, ‘ಇದು ಬರಹ. ನೀವು ಬರೆದದ್ದು ನಕಲು’ ಅಂದರು. ಅಕ್ಕನಿಗೆ ನೇರವಾಗಿ ಒಂದು ಒಳ್ಳೆಯ ಮಾತನ್ನೂ ಹೇಳಲಿಲ್ಲ. ಅಕ್ಕನಿಗೆ ಅದು ಬೇಕಾಗಿಯೂ ಇರಲಿಲ್ಲ. ಆವತ್ತಿನಿಂದ ಅವಳು ಬಚ್ಚಲ ಒಲೆಗೆ ಸೌದೆ ಒಡ್ಡುವಾಗಲೂ ಏನನ್ನೋ ಬಾಯೊಳಗೆ ಬರೆದುಕೊಳ್ಳುತ್ತಾ ಇರುತ್ತಿದ್ದಳು.

ಒಂದು ಬೇಸಿಗೆ ರಜೆಗೆ ಮುಂಚೆ ಮೇಷ್ಟ್ರಮ್ಮ, ‘ನಿಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತುವವರಲ್ಲಿ ಒಬ್ಬರಿಗಾದರೂ ಹೆಸರು ಬರೆಯೋದು ಕಲಿಸಿ ಬನ್ನಿ’ ಅಂದರು. ಅವ್ವ, ‘ಒಲೆ ಮುಂದೆ ಏನ್ ರುಜು ಆಕ್ಲಿ?’ ಎಂದು ನಕ್ಕು ತಪ್ಪಿಸಿಕೊಂಡಳು. ಅಪ್ಪ ಸಿಕ್ಕಿದ. ಅಪ್ಪ ನಮ್ಮ ಜನರಲ್ಲಿ ನಾಲ್ಕು ಮಾತಾಡುವ ಯಜಮಾನ. ನ್ಯಾಯಪಂಚಾಯ್ತಿಗೆ ಕರೆಯುತ್ತಿದ್ದರು. ಆದರೆ ಕಾಗದ ಬಂದರೆ ಹೆಬ್ಬೆಟ್ಟು. ಕಣದಲ್ಲಿ ಕೂತು ಕಡ್ಡಿಯಿಂದ ಮಣ್ಣಿನ ಮೇಲೆ ನಾನು ಬರೆದದ್ದನ್ನು ಅಪ್ಪ ತಿದ್ದಿದ. ‘ಈ ಕೊಂಬು ಯಾಕವ್ವ ನನ್ ಎಸ್ರಿಗೆ? ಮುರ್ದಾಕುದ್ರೆ ಆಗಕ್ಕಿಲ್ವಾ?’ ಅನ್ನುತ್ತಿದ್ದ. ರಜೆ ಮುಗಿಯುವಷ್ಟರಲ್ಲಿ ಕೊಂಬೂ ಒತ್ತಕ್ಷರವೂ ಕೂತವು. ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತ ಮಸಿಯ ಮೆತ್ತೆ ಮುಂದೆ ತಳ್ಳಿದಾಗ, ‘ಅದ ಆ ಕಡೀಕಿಡಿ ಸ್ವಾಮಿ, ಲೇಖ್ನಿ ಕೊಡಿ’ ಅಂದನಂತೆ. ವಾರವೆಲ್ಲ ಊರಿಗೆ ಹೇಳಿಕೊಂಡು ಬಂದ. ಮೇಷ್ಟ್ರಮ್ಮನಿಗೆ ಕೊಡು ಎಂದು ಒಂದು ಬುಟ್ಟಿ ಅಚ್ಚುಬೆಲ್ಲ ಕಳಿಸಿದ. ಅವರು ಒಂದು ಅಚ್ಚಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, ‘ಸಿಹಿಯಾಗಿತ್ತು ಅಂತ ನಿಮ್ಮಪ್ಪನಿಗೆ ಹೇಳು’ ಎಂದು ಬುಟ್ಟಿಯನ್ನು ವಾಪಸು ಹೊರಿಸಿದರು.

ಅಕ್ಕ ಕೊನೆಯ ತರಗತಿಯಲ್ಲಿದ್ದ ವರ್ಷ ಅವಳಿಗೆ ಮದುವೆಯಾಯಿತು. ಪೂರಿಗಾಲಿಯ ಗಂಡು. ಹೊಲ ಗದ್ದೆ ಇದ್ದ ಮನೆ, ಹುಡುಗ ಹತ್ತಿರದ ಬ್ಲಫು ಅನ್ನುವ ಊರಿನ ಪವರ್‌ಹೌಸಿನಲ್ಲಿ ಕೆಲಸಕ್ಕಿದ್ದ. ‘ಯುದ್ಧ ನಿಲ್ಲಂಗೆ ಕಾಣಕಿಲ್ಲ. ಮುಂದಕ್ಕೆ ಧಾರೆಗೆ ಒಂದ್ ಸೀರೆ ಸಿಕ್ಕದೂ ಕಷ್ಟ. ಈಗ್ಲೇ ಮಾಡ್ಬುಡವ’ ಅಂದ ಅಪ್ಪ. ಮದುವೆಯಾದ ತಿಂಗಳಿಗೆ ಅಕ್ಕ ಗಂಡನ ಮನೆ ಸೇರಿದಳು. ಮಿಡ್ಲ್‌ಸ್ಕೂಲಿನ ಕೊನೆಯ ಪರೀಕ್ಷೆ, ಎಲ್ಲರೂ ಎಲ್.ಎಸ್. ಅನ್ನುತ್ತಿದ್ದದ್ದು, ಆಗ ಎದುರಿಗೇ ಇತ್ತು. ಅದನ್ನು ಮಂಡ್ಯಕ್ಕೆ ಹೋಗಿ ಬರೆಯಬೇಕು.

ಮೇಷ್ಟ್ರಮ್ಮ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಜಗುಲಿಯ ಮೇಲೆ ಕೂರಲೂ ಇಲ್ಲ. ‘ಅವಳು ಪರೀಕ್ಷೆಗೆ ಕೂರಬೇಕು’ ಅಂದರು. ಅಪ್ಪ ಎದ್ದು ನಿಂತು, ‘ಕೊಟ್ಟ ಮೇಲೆ ನಮ್ದೇನದೆ ಮೇಷ್ಟ್ರಮ್ಮಾರೇ? ಅವ್ರು ಕಳಿಸುದ್ರೆ ನಂದೇನೂ ಅಡ್ಡಿ ಇಲ್ಲ. ಬೇಕಾದ್ರೆ ಜೊತೇಲಿ ಚಿಕ್ಕವ್ಳ ಕಳಿಸ್ತೀನಿ’ ಅಂದ. ಈ ಮಾತನ್ನು ಅಪ್ಪ ಆಡಿದ. ನಾನು ಕಂಬ ಹಿಡಿದು ನಿಂತಿದ್ದೆ, ಕಿವಿಯಾರೆ ಕೇಳಿದ್ದೇನೆ.

ಮನೆ ತೋರಿಸಲು ನಾನೂ ಅವರ ಜೊತೆ ಗಾಡಿಯಲ್ಲಿ ಪೂರಿಗಾಲಿಗೆ ಹೋದೆ. ಅಕ್ಕನ ಅತ್ತೆ ಬಾಗಿಲಲ್ಲಿ ಜೋಳಿಗೆ ಹೊಲಿಯುತ್ತಾ ಕೂತಿದ್ದವಳು ಇವರ ಬಿಳಿ ಸೀರೆ, ತಲೆ ನೋಡಿ ದಡಕ್ಕನೆ ಎದ್ದಳು.

‘ಬಾಗ್ಲಲ್ಲಿ ನಿಂತ್ಕಬ್ಯಾಡಿ ಕಣಮ್ಮ. ವಸ ಎಣ್ ಬಂದಿರೋ ಮನೆ.’

ಮೇಷ್ಟ್ರಮ್ಮ ಮುಖ ಗಂಟಿಕ್ಕಲಿಲ್ಲ. ಇದನ್ನು ಎಷ್ಟು ಕೇಳಿದ್ದರೋ. ಇಳಿದು ಬೀದಿಗೆ ಬಂದು, ಎತ್ತುಗಳ ಕಲ್ಲುಬಾನಿಯ ಪಕ್ಕ ಬಿಸಿಲಲ್ಲಿ ನಿಂತರು. ಅಲ್ಲಿಂದಲೇ, ತರಗತಿಯಲ್ಲಿ ಹಿಂದಿನ ಸಾಲಿಗೆ ಕೇಳಿಸುವ ಹಾಗೆ ಮಾತಾಡುತ್ತಿದ್ದರಲ್ಲ, ಅದೇ ಗಂಟಲಲ್ಲಿ ಒಳಗಿದ್ದ ಅಕ್ಕನನ್ನು ಕೂಗಿದರು.

‘ಸೋಮವಾರ ಪರೀಕ್ಷೆ. ಬರ್ತೀಯೋ ಇಲ್ವೋ? ಬಾಯಿ ಬಿಟ್ಟು ಹೇಳು.’

ಅಕ್ಕ ರಾಗಿಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅತ್ತೆಯ ಮುಖ ನೋಡಲಿಲ್ಲ. ‘ಬತ್ತೀನಿ’ ಅಂದಳು.

‘ಬರ್ತೀನಿ ಅನ್ನು.’

‘ಬರ್ತೀನಿ, ಮೇಷ್ಟ್ರಮ್ಮ.’

ಅಕ್ಕನ ಮಾವ ಒಳ್ಳೆಯ ಮನುಷ್ಯ, ಅಥವಾ ಆ ಹೊತ್ತಿಗೆ ಒಳ್ಳೆಯವನಾಗಿದ್ದ. ದನದ ಕೊಟ್ಟಿಗೆಯಿಂದ ಬಂದು, ‘ನಾಕ್ ದಿನದ ಬಾಬ್ತು, ಓಗ್ ಬರ್ಲಿ ಬುಡು. ನಾಳೀಕೆ ಮನೆ ಮಕ್ಳಿಗೆ ಏಳ್ಕೊಡಕಾದ್ರೂ ಆಯ್ತದೆ’ ಎಂದು ಹೆಂಡತಿಗೆ ಹೇಳಿದ. ಅಕ್ಕನ ಗಂಡ ಅಲ್ಲೇ ಇದ್ದ. ರಜೆಯ ಮೇಲೆ ಬಂದಿದ್ದ. ತನ್ನ ಅಪ್ಪ ಅಂದದ್ದಕ್ಕೆ ಹೂಂ ಅಂದ, ತನ್ನ ಅವ್ವ ಗೊಣಗಿದ್ದಕ್ಕೂ ಹೂಂ ಅಂದ.

ಮಂಡ್ಯದಲ್ಲಿ ನಾವು ಒಂದು ಛತ್ರದಲ್ಲಿ ಇಳಿದುಕೊಂಡೆವು. ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಊರಿಗೆಲ್ಲ ಹರಡಿಕೊಂಡಿತ್ತು. ಅಕ್ಕ ಮೂಗು ಮುಚ್ಚಿಕೊಂಡು ನಕ್ಕಳು. ಮದುವೆಯಾದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಆಗಲೇ. ಪರೀಕ್ಷೆಯ ಮೊದಲ ಬೆಳಿಗ್ಗೆ ನನ್ನ ಕೈಯಿಂದ ಬಾಚಣಿಗೆ ಕಿತ್ತುಕೊಂಡು ಮೇಷ್ಟ್ರಮ್ಮನೇ ಅಕ್ಕನ ತಲೆ ಬಾಚಿದರು. ಅಕ್ಕನ ಕೂದಲು ಸೊಂಟದವರೆಗೆ ಇತ್ತು. ಅದನ್ನು ಕೈಯಲ್ಲಿ ಹಿಡಿದು, ಮೂರು ಪಾಲು ಮಾಡಿ, ಬಿಗಿಯಾಗಿ ಹೆಣೆಯುತ್ತಾ, ನಮ್ಮಿಬ್ಬರಿಗೂ ಅಲ್ಲದ ಹಾಗೆ ಹೇಳಿದರು. ‘ನನಗೂ ಇಷ್ಟೇ ಇತ್ತು. ಹದಿಮೂರಕ್ಕೆ ತೆಗೆಸಿದರು. ಕೂರಿಸಿದ ಜಾಗದಲ್ಲೇ ಗುಡ್ಡೆ ಬಿದ್ದಿತ್ತು, ನಮ್ಮಮ್ಮ ಬಂದು ಬಾಚಿಕೊಂಡು ಹೋದಳು.’ ಅಷ್ಟೇ. ತಮ್ಮ ಬದುಕಿನ ಬಗ್ಗೆ ಅವರು ನಮ್ಮೆದುರು ಆಡಿದ್ದು ಅದೊಂದೇ ಮಾತು. ಜಡೆ ಮುಗಿದ ಮೇಲೆ ಕನಕಾಂಬರದ ತುಂಡನ್ನು ನನ್ನ ಕಡೆ ತೋರಿಸಿ, ‘ಇದನ್ನ ನೀನು ಮುಡಿಸು. ನಾನು ಮುಟ್ಟಬಾರದು’ ಅಂದರು. ಊರಿನ ಕಟ್ಟಳೆಗೆ ಎದುರಾಗಿ ಕೂದಲು ಬಿಟ್ಟವರು ಅಕ್ಕನ ವಿಷಯಕ್ಕೆ ಬಂದಾಗ ಹೆದರಿದರು.

ಅಕ್ಕ ಒಳಗೆ ಬರೆಯುತ್ತಿದ್ದಷ್ಟು ಹೊತ್ತೂ ಅವರು ಹೊರಗೆ ಹೊಂಗೆ ಮರದ ಬುಡದಲ್ಲಿ ಕೂತಿರುತ್ತಿದ್ದರು. ಹಸಿವಾದರೆ ನನಗೆ ಮಾತ್ರ ಬುತ್ತಿ ಬಿಚ್ಚಿಕೊಡುತ್ತಿದ್ದರು. ಕನ್ನಡದ ಪತ್ರಿಕೆ ಮುಗಿಸಿ ಬಂದ ಅಕ್ಕನ ಬೆರಳಿಗೆಲ್ಲ ಮಸಿಯಾಗಿತ್ತು. ‘ಪ್ರಬಂಧಕ್ಕೆ ಏನು ಕೊಟ್ಟಿದ್ದರು?’ ‘ನೀನು ಮಾಡಿದ ಒಂದು ಪ್ರವಾಸ.’ ‘ಏನು ಬರೆದೆ?’ ‘ಪೂರಿಗಾಲಿಯಿಂದ ಇಲ್ಲಿಗೆ ಬಂದದ್ದು.’ ಮೇಷ್ಟ್ರಮ್ಮ ಬೇರೆ ಕಡೆ ಮುಖ ತಿರುಗಿಸಿದರು. ಅವರಿಗೆ ಸಂತೋಷವಾದಾಗ ಹಾಗೆ ಮಾಡುತ್ತಿದ್ದರು ಎಂದು ನನಗೆ ಗೊತ್ತಾದದ್ದು ಆವತ್ತು.

ವಾಪಸು ಬರುವಾಗ ಎಲ್ಲ ಕೆಟ್ಟಿತು. ಮಂಡ್ಯದಿಂದ ಮದ್ದೂರಿಗೆ ರೈಲಿನಲ್ಲಿ ಬಂದೆವು. ಮದ್ದೂರಿನಿಂದ ಮಳವಳ್ಳಿಗೆ ಬಸ್ಸು. ಪೆಟ್ರೋಲು ಸಿಗದ ಕಾಲ, ಹಿಂದೆ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು. ಆ ದಿನ ಅದು ಹೊರಡಲೇ ಇಲ್ಲ. ಡ್ರೈವರು ಒಲೆ ಊದಿ ಊದಿ ಸೋತು, ಬೆಳಿಗ್ಗೆ ಬನ್ನಿ ಅಂದ. ಮೇಷ್ಟ್ರಮ್ಮ ನಮ್ಮಿಬ್ಬರನ್ನೂ ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, 'ಹೆಂಗಸರಿಗೆ' ಎಂದು ಬರೆದಿದ್ದ ಕೋಣೆಯಲ್ಲಿ ಮಲಗಿಸಿ, ತಾವು ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಮಾರನೆಯ ದಿನ ಊರಿಗೆ ಬಂದೆವು. ನಡೆದದ್ದು ಇಷ್ಟೇ. ಇದರ ಮೇಲೆ ಒಂದು ಅಕ್ಷರವೂ ಇಲ್ಲ.

ನಾವು ಬರುವಷ್ಟರಲ್ಲಿ ಅಕ್ಕನ ಅತ್ತೆ ಕಡೆಯವರು ಮಳವಳ್ಳಿಗೆ ಬಂದು ಕಾದು, ಹೇಳಿದ ದಿನ ಸೊಸೆ ಬರಲಿಲ್ಲವೆಂದು ವಾಪಸು ಹೋಗಿದ್ದರು. ಪೂರಿಗಾಲಿಯಲ್ಲಿ ಮಾತು ಹೊಗೆಯಾಡಿತ್ತು. ‘ಆ ರಾತ್ರಿ ಎಲ್ಲಿದ್ಲು? ಆ ಮುಂಡೆ ಎಲ್ಲಿಗ್ ಕರ್ಕೊಂಡೋಗಿದ್ಲು?’ ಅಕ್ಕನನ್ನು ಮನೆಗೆ ಸೇರಿಸುವುದಿಲ್ಲ ಎಂದು ಹೇಳಿ ಕಳಿಸಿದರು. ಅಕ್ಕ ನಮ್ಮ ಮನೆಯ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಅಪ್ಪ ಮೂರು ಸಲ ಪೂರಿಗಾಲಿಗೆ ಹೋಗಿ ಬಂದ. ಮೂರನೆಯ ಸಲ ಒಪ್ಪಂದ ಮಾಡಿಕೊಂಡು ಬಂದ. ಪೂರಿಗಾಲಿಯವರ ಮನೆಯ ಮಾನ ಉಳಿಯಬೇಕಾದರೆ ತಪ್ಪು ಸೊಸೆಯದಲ್ಲ, ಮೇಷ್ಟ್ರಮ್ಮನದು ಎಂದು ಊರಿಗೆ ಗೊತ್ತಾಗಬೇಕು, ಸರ್ಕಾರಕ್ಕೆ ಅರ್ಜಿ ಹೋಗಬೇಕು, ಅದಕ್ಕೆ ಹುಡುಗಿಯ ತಂದೆಯ ರುಜುವೇ ಮೊದಲು ಬೀಳಬೇಕು. ಸುದ್ದಿ ತಿಳಿದು ಅಗ್ರಹಾರದವರೂ ಕೈ ಜೋಡಿಸಿದರು. ಅವರಿಗೆ ಆ ಕೂದಲಿನ ಮೇಲೆ ಎಷ್ಟೋ ವರ್ಷದಿಂದ ಕಣ್ಣಿತ್ತು. ನಮ್ಮ ಕೇರಿಯವರೂ ಅವರೂ ಒಂದೇ ಕಾಗದದ ಕೆಳಗೆ ಹೆಸರು ಹಾಕಿದ್ದನ್ನು ನಾನು ಮೊದಲು ನೋಡಿದ್ದು ಅದರಲ್ಲೇ.

ಕಚೇರಿ ಮುಂದೆ ಅರ್ಜಿ ಬರೆಯುವವನಿಂದ ಬರೆಸಿಕೊಂಡು ಬಂದು ಅಪ್ಪ ನನ್ನನ್ನು ಕರೆದ. ‘ಓದವ್ವ, ಏನ್ ಬರ್ದವ್ನೆ ನೋಡವ.’ ಅಪ್ಪನಿಗೆ ತನ್ನ ಹೆಸರು ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ. ನಾನು ನಿಂತು ಓದಿದೆ. ಗಂಡನ ಮನೆಯವರ ಅನುಮತಿ ಇಲ್ಲದೆ ನನ್ನ ಮಗಳನ್ನು ಪುಸಲಾಯಿಸಿ ಕರೆದೊಯ್ದು, ಕುಲಸ್ತ್ರೀಯರು ಕಾಲಿಡಬಾರದ ಜಾಗಗಳಲ್ಲಿ ತಂಗಿಸಿ, ಅಂತ ಏನೇನೋ ಇತ್ತು. ಅದನ್ನೂ ಸರಿಯಾದ ಜಾಗದಲ್ಲೇ ಉಸಿರು ಬಿಟ್ಟು ಓದುತ್ತಿದ್ದೆ. ಅಷ್ಟು ಚೆನ್ನಾಗಿ ಕಲಿಸಿದ್ದರು.

‘ಇದೆಲ್ಲ ಸುಳ್ಳಲ್ವಾ ಅಪ್ಪ?’ ಅಂದೆ.

ಅಪ್ಪ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡ. ‘ಸುಳ್ಳು ಅಂತ ನಂಗೊತ್ತಿಲ್ವಾ? ನಿಮ್ಮಕ್ಕ ಒಳ್ಗೆ ಗೋಡೆ ನೋಡ್ಕೊಂಡ್ ಕೂತವ್ಳಲ್ಲ, ಅದು ದಿಟ ಅಲ್ವಾ? ಮಸಿಕುಡಿಕೆ ತತ್ತಾ.’

ನಾನು ತರಲಿಲ್ಲ. ಅವನೇ ಎದ್ದು ಗೂಡಿನಿಂದ ತೆಗೆದುಕೊಂಡ. ಕೊಂಬು, ಒತ್ತು, ಒಂದೂ ತಪ್ಪದೆ ಹೆಸರು ಬರೆದ.

ಸ್ಕೂಲುಗಳ ಇನ್ಸ್‌ಪೆಕ್ಟರು ವಿಚಾರಣೆಗೆ ಬಂದರು. ಶಾಲೆಯಲ್ಲೇ ನಡೆಯಿತು. ಅಕ್ಕನ ಜೊತೆಗೆ ನನ್ನನ್ನು ಕಳಿಸಿದ್ದರು. ಅತ್ತೆ ಕಡೆಯ ಒಬ್ಬ ದೊಡ್ಡಪ್ಪ ಅಕ್ಕನಿಗೆ ಹೇಳಬೇಕಾದ್ದನ್ನು ವಾರದಿಂದ ಬಾಯಿಪಾಠ ಮಾಡಿಸಿದ್ದ. ಆದರೆ ಇನ್ಸ್‌ಪೆಕ್ಟರು, ‘ಬರೆಯೋದಕ್ಕೆ ಬರುತ್ತಲ್ಲ, ನಿನ್ನ ಕೈಯಲ್ಲೇ ಹೇಳಿಕೆ ಬರೆದುಕೊಡಮ್ಮ’ ಎಂದು ಕಾಗದ ಮುಂದಿಟ್ಟರು. ಅಕ್ಕ ತಾನು ಎಷ್ಟೋ ಪಾಠ ಬರೆದ ಅದೇ ಚಾಪೆಯ ಮೇಲೆ ಕೂತು ಬರೆದಳು. ಮೇಷ್ಟ್ರಮ್ಮ ಎದುರುಗೋಡೆಗೆ ನಿಂತಿದ್ದರು. ಅಕ್ಕನ ಗಂಡ ಅಂಗಳದಲ್ಲಿ ಬೀಡಿ ಸೇದುತ್ತಿದ್ದ. ಬರೆದು ಮುಗಿಸಿ ಅಕ್ಕ ಕಾಗದವನ್ನು ನೆಲದ ಮೇಲೇ ಬಿಟ್ಟಳು. ಕೈಗೆ ಕೊಡಲಿಲ್ಲ. ಇನ್ಸ್‌ಪೆಕ್ಟರು ಅದನ್ನು ಓದಿ ಮೇಷ್ಟ್ರಮ್ಮನಿಗೆ ಕೊಟ್ಟು, ‘ಇದಕ್ಕೆ ನಿಮ್ಮ ಸಮಜಾಯಿಷಿ ಏನು?’ ಅಂದರು.

ಮೇಷ್ಟ್ರಮ್ಮ ಓದಿದರು. ತರಗತಿಯಲ್ಲಿ ನಮ್ಮ ಪ್ರಬಂಧ ಓದುವಾಗ ಮಾಡುತ್ತಿದ್ದ ಹಾಗೆಯೇ, ಬೆರಳನ್ನು ಸಾಲಿನ ಕೆಳಗೆ ನಡೆಸುತ್ತಾ ಓದಿದರು. ಕೊನೆಗೆ ಬಂದ ಮೇಲೆ ಮತ್ತೆ ಮೊದಲಿನಿಂದ ಓದಿದರು.

‘ಇದರಲ್ಲಿರೋದು ನಿಜವೇ?’

‘ಹುಡುಗಿ ಬರೆದಿದ್ದಾಳಲ್ಲ.’

‘ನಾನು ನಿಮ್ಮನ್ನ ಕೇಳ್ತಿದ್ದೀನಿ.’

‘ತಪ್ಪಿಲ್ಲದೆ ಬರೆದಿದ್ದಾಳೆ’ ಅಂದರು ಮೇಷ್ಟ್ರಮ್ಮ. ‘ಅದಕ್ಕಿಂತ ಹೆಚ್ಚಿಗೆ ನಾನು ಹೇಳೋದೇನೂ ಇಲ್ಲ.’ ಇನ್ಸ್‌ಪೆಕ್ಟರ ಲೇಖನಿಯನ್ನೇ ತೆಗೆದುಕೊಂಡು ಕೆಳಗೆ ರುಜು ಹಾಕಿದರು.

ಇಲ್ಲ ಅಂದಿದ್ದರೆ ಅಕ್ಕ ಬರೆದದ್ದು ಸುಳ್ಳಾಗುತ್ತಿತ್ತು. ಅಕ್ಕನನ್ನು ಮತ್ತೆ ನಿಲ್ಲಿಸಿ ಕೇಳುತ್ತಿದ್ದರು. ಪೂರಿಗಾಲಿಯ ಬಾಗಿಲು ಮತ್ತೆ ಮುಚ್ಚುತ್ತಿತ್ತು. ಅವರು ಅದನ್ನು ಒಂದು ಕಾಗದ ಓದುವಷ್ಟು ಹೊತ್ತಿನಲ್ಲಿ ತೂಗಿ ನೋಡಿದರು. ದೊಡ್ಡತನ ಎಂದು ನೀವು ಅನ್ನಬಹುದು. ನನಗೆ ಆವತ್ತು ಅವರ ಮೇಲೂ ಸಿಟ್ಟು ಬಂತು, ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಒಂದು ಹಕಾರಕ್ಕೆ ಗಂಟೆಗಟ್ಟಲೆ ಹಟ ಹಿಡಿಯುತ್ತಿದ್ದವರು ತಮ್ಮ ಇಡೀ ಮಾನವನ್ನು ಹೀಗೆ ಬಿಟ್ಟುಕೊಟ್ಟರಲ್ಲ. ಅಷ್ಟು ಸುಲಭವಾಗಿ ಸಿಕ್ಕಿದ್ದರಿಂದ ಊರಿಗೆ ತಾನು ಮಾಡಿದ್ದರ ಬೆಲೆಯೇ ತಿಳಿಯಲಿಲ್ಲ.

ಅಕ್ಕ ಗಂಡನ ಮನೆಗೆ ಹೋದಳು. ಮೇಷ್ಟ್ರಮ್ಮನಿಗೆ ಹೆಗ್ಗಡದೇವನಕೋಟೆಯ ಕಾಡಂಚಿನ ಒಂದು ಹಳ್ಳಿಗೆ ವರ್ಗವಾಯಿತು. ಮಲೇರಿಯಾ ಜ್ವರದ ಹೆದರಿಕೆಗೆ ನೌಕರರು ಅಳುತ್ತಾ ಹೋಗುತ್ತಿದ್ದ ಸೀಮೆ ಅದು. ಅವರು ಹೊರಟ ದಿನ ನಮ್ಮನ್ನು ಹೊರಗೆ ಬಿಡಲಿಲ್ಲ. ಶಾಲೆಯ ಆಯಾ ಮಾತ್ರ ಟ್ರಂಕು ಹೊತ್ತುಕೊಂಡು ಬಸ್ಸಿನವರೆಗೆ ಹೋದಳು. ಫಲಿತಾಂಶ ಬಂದಾಗ ಅಕ್ಕ ಪಾಸಾಗಿದ್ದಳು. ನಮ್ಮ ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ನಂಬರು ಕನ್ನಡದಲ್ಲಿ ಅವಳಿಗೇ ಬಂದಿತ್ತು. ಅದನ್ನು ಪೂರಿಗಾಲಿಗೆ ಹೋಗಿ ಹೇಳುವವರು ಯಾರೂ ಇರಲಿಲ್ಲ.

ನಾನು ಓದಿದೆ. ಹೇಗೆ ಓದಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅಕ್ಕನ ಗಲಾಟೆಯ ಸುದ್ದಿ ಸುತ್ತಮುತ್ತಲ ಊರಿಗೆಲ್ಲ ಮುಟ್ಟಿ, ನನ್ನನ್ನು ಕೇಳಿಕೊಂಡು ಬರುವ ಗಂಡುಗಳು ಕಡಿಮೆಯಾದರು. ‘ಆ ಮನೆ ಎಣ್ಣಾ?’ ಎಂದು ಹಿಂದಕ್ಕೆ ಹೋಗುತ್ತಿದ್ದರು. ಗಂಡು ಸಿಗುವವರೆಗೆ ಇರಲಿ ಎಂದು ಅಪ್ಪ ಸ್ಕೂಲು ಬಿಡಿಸಲಿಲ್ಲ. ಹಾಗೆ ಸಿಕ್ಕ ವರ್ಷಗಳಲ್ಲಿ ನಾನು ಎಲ್.ಎಸ್. ಮುಗಿಸಿ, ಮೈಸೂರಿಗೆ ಹೋಗಿ ಟ್ರೈನಿಂಗು ಸೇರಿದೆ. ಊರಿನಲ್ಲಿ ಎಲ್ಲರೂ ನನ್ನನ್ನು ಅದೃಷ್ಟವಂತೆ ಅಂದರು. ಆ ಅದೃಷ್ಟಕ್ಕೆ ಇಬ್ಬರು ಹೆಂಗಸರು ಏನೇನು ತೆತ್ತಿದ್ದರೆಂದು ನನಗೆ ಗೊತ್ತಿತ್ತು.

ಸ್ವಾತಂತ್ರ್ಯ ಬಂದ ವರ್ಷ ದಸರಾ ರಜೆಗೆ ಊರಿಗೆ ಬಂದಿದ್ದೆ. ದಾರಿಯಲ್ಲಿ ಸಿಕ್ಕಿದ ಆಯಾ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಹೇಳಿದಳು. ಹೆಗ್ಗಡದೇವನಕೋಟೆಯ ಕಡೆಯಿಂದ ವರ್ಗವಾಗಿ ಬಂದ ಒಬ್ಬ ಮೇಷ್ಟ್ರು ಅವಳಿಗೆ ಹೇಳಿದ್ದರಂತೆ. ಮೇಷ್ಟ್ರಮ್ಮ ಹಿಂದಿನ ವರ್ಷದ ಮಳೆಗಾಲದಲ್ಲೇ ಜ್ವರ ಬಂದು ತೀರಿಕೊಂಡಿದ್ದರು. ನಮ್ಮೂರಿಗೆ ಸುದ್ದಿ ಬರಲು ಒಂದು ವರ್ಷ ಬೇಕಾಯಿತು. ಯಾರಿಗೆ ತಿಳಿಸಬೇಕು ಎಂದು ಅಲ್ಲಿಯವರಿಗೆ ಗೊತ್ತಿರಲಿಲ್ಲವಂತೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅಪ್ಪ ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿ, ‘ಪಾಪ, ಒಳ್ಳೆ ಎಂಗ್ಸು ಕಣವ್ವ. ಎಲ್ರಿಗೂ ನಾಕಕ್ಸರ ಕಲಿಸುದ್ಲು’ ಅಂದ. ಆಮೇಲೆ ಸಾರು ಇನ್ನಷ್ಟು ಹಾಕಿಸಿಕೊಂಡ. ಅವನು ಕಪಟದಿಂದ ಅಂದದ್ದಲ್ಲ. ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು.

ಮಾರನೆಯ ದಿನ ಪೂರಿಗಾಲಿಗೆ ಹೋದೆ. ಅಕ್ಕ ಹಿತ್ತಿಲ ಜಗುಲಿಯ ಮೇಲೆ ಕೂತು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅವಳ ಮಗಳು, ಮೂರು ವರ್ಷದ್ದು, ಪಕ್ಕದಲ್ಲಿ ಆಡುತ್ತಿತ್ತು. ಮೇಷ್ಟ್ರಮ್ಮ ಹೋದರಂತೆ ಎಂದೆ.

‘ಯಾವಾಗ?’

‘ಹೋದ ವರ್ಷ.’

‘ಕೊಳ್ಳಿ ಯಾರಿಟ್ರಂತೆ?’

‘ಗೊತ್ತಿಲ್ಲ.’

ಅಕ್ಕ ಕಲ್ಲು ಆರಿಸುತ್ತಲೇ ಇದ್ದಳು. ನಾನು, ‘ಮಗು ಇನ್ನೂ ಸ್ವಲ್ಪ ದೊಡ್ಡದಾಗ್ಲಿ ಅಕ್ಕ. ನಂಗೆ ಕೆಲಸ ಸಿಕ್ಕಿದ ಊರಿಗೆ ಕರ್ಕೊಂಡೋಗಿ ನಾನೇ ಓದಿಸ್ತೀನಿ’ ಅಂದೆ.

‘ಬ್ಯಾಡ.’

‘ಯಾಕೆ? ನಿಂಗೆ ಓದು ಅಂದ್ರೆ ಪ್ರಾಣವಾಗಿತ್ತಲ್ಲ.’

‘ಅದ್ಕೇ ಬ್ಯಾಡ ಅನ್ನದು.’ ಅವಳು ಮೊರ ಕೆಳಗಿಟ್ಟಳು. ‘ನಂಗೆ ಬರ್ಯಕ್ ಬರ್ದಿದ್ರೆ ಅವತ್ತು ನನ್ ಕೈಲಿ ಬರ್ಸಕ್ ಆಯ್ತಿತ್ತಾ? ಎಬ್ಬೆಟ್ ಒತ್ತಿ ಎದ್ದು ಬತ್ತಿದ್ದೆ. ಏನ್ ಬರ್ಕಂಡವ್ರೆ ಅಂತ್ಲೂ ನಂಗ್ ಗೊತ್ತಾಯ್ತಿರ್ಲಿಲ್ಲ. ಇವಾಗ ಒಂದೊಂದ್ ಅಕ್ಸರಾನೂ ನೆಪ್ಪದೆ.’

ನಾನು ಮುಂದೆ ನಿವೃತ್ತಿಯಾಗುವವರೆಗೂ ಹೆಣ್ಣುಮಕ್ಕಳಿಗೆ ಓದು ಬರಹ ಕಲಿಸಿದೆ. ಮೇಷ್ಟ್ರಮ್ಮ ಕಲಿಸಿದ ಹಾಗೆಯೇ ಕಲಿಸಿದೆ, ಬೇರೆ ರೀತಿ ನನಗೆ ಗೊತ್ತಿರಲಿಲ್ಲ. ಅಕ್ಕನ ಆ ಮಾತಿಗೆ ಅವರಿದ್ದಿದ್ದರೆ ಏನು ಹೇಳುತ್ತಿದ್ದರೋ. ಅಕ್ಕನ ಮಗಳು ಶಾಲೆಗೆ ಹೋಗಲಿಲ್ಲ.